ಬಾಕಿ

ಆವರ್ಸೆಯಲ್ಲಿ ಮೆಟ್ಟಿಲು ತಪ್ಪಿದ್ದು. ಒಂದೇ ಮೆಟ್ಟಿಲು.
ಇಪ್ಪತ್ತಾರು ವರ್ಷ ಅದನ್ನೇ ಹತ್ತಿ ಇಳಿದ ಕಾಲಿಗೆ
ಈಗ ತೊಡೆಯವರೆಗೆ ಪ್ಲಾಸ್ಟರು, ಆರು ವಾರ.
ಕೋಡಿಬಾಗದ ಈ ಕಿಟಕಿಗೆ ಕಾಳಿಯ ಸೇತುವೆ ಕಾಣುವುದಿಲ್ಲ,
ಮೇಲೆ ಹೋಗುವ ಬಸ್ಸಿನ ಹಾರ್ನು ಕೇಳುತ್ತದೆ.
ಯಾವ ಡ್ರೈವರೆಂದು ಹಾರ್ನಿನಲ್ಲೇ ಹೇಳಬಲ್ಲೆ.
ಹೇಳಿ ಹೇಳಿ ಶೇವಂತಿಗೆ ಸಾಕಾಗಿದೆ.
"ಏನಾದರೂ ಓದಿ," ಅಂದಳು ಶೆಟ್ಲಿ ಸುಲಿಯುತ್ತ,
"ಬಾಯಿ ಮುಚ್ಚಿಸುವಂಥದ್ದು."

ಪಕ್ಕದ ಮನೆಯ ಪ್ರಾಜಕ್ತಾ, ಎಂಟನೇ ಇಯತ್ತೆ,
ಲೈಬ್ರರಿಗೆ ಸೈಕಲ್ಲು ತುಳಿಯಲು ಒಪ್ಪಿದಳು,
ಪುಸ್ತಕಕ್ಕೆ ಎರಡು ರೂಪಾಯಿ, ಲಗೇಜು ಚಾರ್ಜು.
ನನ್ನ ಷರತ್ತು ಹೇಳಿದೆ:
ಮಲಗಿ ಎತ್ತಿ ಹಿಡಿದರೆ ಕೈ ಸೋಲಬಾರದು,
ಮುನ್ನುಡಿ ಮೂರು ಪುಟ ದಾಟಬಾರದು,
ಬಸ್ಸು ಕಂದಕಕ್ಕೆ ಬೀಳಬಾರದು.
ಮೊದಲ ದಿನ ತಂದಳು: ಜೇನು ಸಾಕಣೆ,
ಮನೆಯಲ್ಲೇ ಹೊಲಿಗೆ.
"ಬಸ್ಸು ಎಲ್ಲೂ ಬೀಳೋದಿಲ್ಲ ಮಾಮಾ, ಪೂರಾ ನೋಡಿದೆ."
ಹೊಲಿಗೆಯದನ್ನು ಶೇವಂತಿ ಇಟ್ಟುಕೊಂಡಳು.

ಆಮೇಲೆ ಉಪಾಯ ಹೊಳೆಯಿತು. ಹಿಂದಿನ ಚೀಟಿ ನೋಡು, ಅಂದೆ,
ತಾರೀಖಿನ ಸೀಲು ಒತ್ತಿರುತ್ತಾರಲ್ಲ, ಅದು.
ಕೊನೆಯ ಸೀಲು ಎಷ್ಟು ಹಳೆಯದೋ ಅಷ್ಟು ನನ್ನದು.
ತುಂಬಿದ ಬಸ್ಸಿಗೆ ಎಲ್ಲರೂ ಹತ್ತುತ್ತಾರೆ.
ಹಾರವಾಡದ ತಿರುವಿನಲ್ಲಿ ಕೈ ಎತ್ತದೆ ನಿಂತ ಮುದುಕಿಗೆ
ಸಿಂಗಲ್ ಬೆಲ್ಲು ಹೊಡೆಯುವವರು ಯಾರು?
ನಾನೂ ಯಾವಾಗಲೂ ಹೊಡೆದವನಲ್ಲ. ಲೇಟಾಗಿರುತ್ತಿತ್ತು.

ಹಾಗೆ ಬಂದದ್ದು ಇದು. ಎರಡು ಸಾವಿರದ ಒಂದರ ಸೀಲು,
ರಟ್ಟಿಲ್ಲ, ಹೆಸರಿಲ್ಲ, ಒಂಬತ್ತನೇ ಪುಟದಿಂದ ಶುರು.
ಗಡಿಯಾರ ರಿಪೇರಿಯವನೊಬ್ಬನ ಕಥೆ.
ಕಥೆ ಅಂದರೆ, ಅವನು ಒಂದು ಕಾಗದಕ್ಕೆ ಕಾಯುತ್ತಾನೆ,
ಅಂಗಡಿಯ ಗಡಿಯಾರಗಳು ತಲೆಗೊಂದು ಹೊತ್ತು ತೋರಿಸುತ್ತವೆ,
ಬೇರೇನೂ ಆಗುವುದಿಲ್ಲ. ನನಗೆ ಹಿಡಿಸಿತು.
ನೂರಾ ಹನ್ನೆರಡನೇ ಪುಟದಲ್ಲಿ ಪೋಸ್ಟಮನ್ ಬಂದ,
ಲಕೋಟೆಯ ಅಂಚು ಹರಿಯಬೇಕು, ಅಷ್ಟರಲ್ಲಿ
ಒಂದು ಟಿಕೇಟು ಜಾರಿ ನನ್ನ ಕುತ್ತಿಗೆಯ ಮೇಲೆ ಬಿತ್ತು.

ಹನ್ನೆರಡು ರೂಪಾಯಿಯದು, ಮಷಿನ್ನು ಬರುವುದಕ್ಕೂ ಮೊದಲಿನದು,
ಮಾಸಿದ ಗುಲಾಬಿ, ಕಾರವಾರದಿಂದ ಅಂಕೋಲೆ.
ತಿರುಗಿಸಿದೆ. ಹಿಂದೆ ಬಾಲ್‌ಪೆನ್ನಿನಲ್ಲಿ ಎಂಟು.
ಎಂಟನ್ನು ಒಂದೇ ಎಳೆಯಲ್ಲಿ ಬರೆಯಲು ನನಗೆ ಬರುವುದಿಲ್ಲ,
ಸೊನ್ನೆಯ ಮೇಲೆ ಸೊನ್ನೆ ಇಡುತ್ತೇನೆ,
ಡಿಪೋದಲ್ಲಿ ಇದಕ್ಕೇ ನಗುತ್ತಿದ್ದರು.
ಕೆಳಗಿನದು ದೊಡ್ಡದು, ಮೇಲಿನದು ಅವಸರದ್ದು.

ಇಪ್ಪತ್ತರ ನೋಟು ಕೊಟ್ಟಿದ್ದಾರೆ.
ಚಿಲ್ಲರೆ ಇಲ್ಲ, ಇಳಿಯುವಾಗ ಕೇಳಿ, ಅಂದಿದ್ದೇನೆ.
ಬಿಣಗಾ, ಅರಗಾ, ಚೆಂಡಿಯಾ, ತೋಡೂರು,
ಯಾರೋ ಓದುತ್ತಿದ್ದಾರೆ, ಕಿಟಕಿ ಪಕ್ಕ ಇರಬೇಕು,
ಅಂಕೋಲಾ ಅಂಕೋಲಾ ಎಂದು ನಾನೇ ಕೂಗಿರುತ್ತೇನೆ,
ಎಂಟು ರೂಪಾಯಿಯನ್ನು ಪುಟದ ಗುರುತಿಗೆ ಇಟ್ಟು
ಗಡಬಡಿಸಿ ಇಳಿದಿದ್ದಾರೆ.
ಕಾಗದ ಒಡೆದೇ ಇಲ್ಲ.

ಮುಖ ನೆನಪಿಸಿಕೊಳ್ಳಲು ನೋಡಿದೆ. ಗಂಡೋ ಹೆಣ್ಣೋ.
ನೆನಪಾದದ್ದು ಬೇರೆ: ಕೇಳದವರ ಚಿಲ್ಲರೆ
ಚೀಲದ ಒಂದು ಮೂಲೆಯಲ್ಲಿ ಬೇರೆಯೇ ಬೀಳುತ್ತಿದ್ದುದು,
ಹಬ್ಬುವಾಡದಲ್ಲಿ ಲೆಕ್ಕ ಒಪ್ಪಿಸಿದ ಮೇಲೆ
ಅದರಲ್ಲಿ ಚಾ, ಒಮ್ಮೊಮ್ಮೆ ರವಿವಾರದ ಬಂಗಡೆ.
ಇಳಿಯುವವರ ಮುಖ ನೋಡದೆ ಡಬಲ್ ಬೆಲ್ಲು ಹೊಡೆಯುವುದನ್ನು
ಯಾರೂ ಕಲಿಸಬೇಕಾಗಿಲ್ಲ.

ಶೇವಂತಿಗೆ ತೋರಿಸಿದೆ. ಸೂಜಿಯಿಂದ ತಲೆ ಎತ್ತದೆ
"ಎಂಟೇ?" ಅಂದಳು.

ಟಿಕೇಟನ್ನು ನೂರಾ ಹನ್ನೆರಡರಲ್ಲೇ ಇಟ್ಟಿದ್ದೇನೆ.
ಲಕೋಟೆಯಲ್ಲಿ ಏನಿತ್ತೆಂದು ಓದಿಬಿಟ್ಟೆ, ತಡೆಯಲಾಗಲಿಲ್ಲ.
ಹೇಳುವುದಿಲ್ಲ. ಮೊದಲು ಅವರಿಗೆ ಸಲ್ಲಬೇಕಾದದ್ದು.
ನಾಳೆ ವಾಪಸು ಕೊಡುವ ದಿನ.
"ಮುಂದಿನದು ಹೇಗೆ ಆರಿಸಲಿ ಮಾಮಾ?"
ಸೀಲು ಬೇಡ, ಅಂದೆ. ಒಳಗೆ ಟಿಕೇಟು ಇದೆಯೋ ನೋಡು.
"ಇದ್ದರೆ ತರಲಾ, ಬಿಡಲಾ?"

ಸೇತುವೆಯ ಮೇಲೆ ಹಾರ್ನು. ಯಾರದೆಂದು ಗೊತ್ತಾಗಲಿಲ್ಲ.